ಅಪ್‌ಡೇಟ್ ಆದ ಮರುದಿನ

ಲಗ್ನದ ಸೀಜನ್ ಬಂತೆಂದರೆ ಹುಬ್ಬಳ್ಳಿಯ ಸಣ್ಣಪುಟ್ಟ ಡಿಟಿಪಿ ಅಂಗಡಿಗಳಲ್ಲಿ ಕೂಡಲು ಸ್ಟೂಲು ಸಿಗುವುದಿಲ್ಲ. ಕಾರ್ಡಿನ ಕರಡು ತಿದ್ದಿಸಲು ವರನ ಸೋದರಮಾವ ಬಂದಿರುತ್ತಾರೆ, ಪಕ್ಕದಲ್ಲಿ ಮನೆ ಗೃಹಪ್ರವೇಶದವರು, ಬಾಗಿಲಲ್ಲಿ ಝೆರಾಕ್ಸಿಗೆ ನಿಂತ ಹುಡುಗರು. ಅಂಥ ಹೊತ್ತಿನಲ್ಲೇ ನಿನ್ನೆ ಒಂದು ಪುಟದಲ್ಲಿ ಅಚ್ಚುಕಟ್ಟಾಗಿ ಕೂತಿದ್ದ ಆಮಂತ್ರಣ ಇವತ್ತು ಎರಡನೇ ಪುಟಕ್ಕೆ ಇಳಿದಿರುತ್ತದೆ. ಮುಹೂರ್ತದ ಸಾಲು ಮುರಿದು ‘ಅಭಿಜಿನ್’ ಒಂದು ಕಡೆ, ‘ಲಗ್ನ’ ಇನ್ನೊಂದು ಕಡೆ. ಕಂಪ್ಯೂಟರಿನ ಮುಂದಿರುವ ಹುಡುಗ ತಲೆ ಎತ್ತದೆ ಹೇಳುತ್ತಾನೆ: “ರಾತ್ರಿ ಅಪ್‌ಡೇಟ್ ಆತ್ರಿ, ಮುಂಜಾನಿಂದ ಹಿಂಗಾಗೇತಿ.” ಸೋದರಮಾವನಿಗೆ ಅಪ್‌ಡೇಟ್ ಎಂದರೆ ಏನೆಂದು ಗೊತ್ತಿರಲಿಕ್ಕಿಲ್ಲ. ಆದರೂ ಅಪರಾಧಿ ಸಿಕ್ಕ ಸಮಾಧಾನದಲ್ಲಿ ಅವರೂ ತಲೆದೂಗುತ್ತಾರೆ.

ಹುಡುಗನ ಮಾತಿನಲ್ಲಿ ಅರ್ಧ ನಿಜವಿದೆ, ಆ ಅರ್ಧವೇ ಕುತೂಹಲದ್ದು. ವಿಂಡೋಸ್ ಎಕ್ಸ್‌ಪಿ ಕಾಲದಿಂದಲೂ ಕನ್ನಡದವರಿಗೆ ಪರಿಚಯವಿರುವ ಒಂದು ಫಾಂಟ್ ‘ತುಂಗಾ’. ಎಷ್ಟೋ ಅರ್ಜಿ, ಎಷ್ಟೋ ಠರಾವು, ಎಷ್ಟೋ ಆಹ್ವಾನ ಪತ್ರಿಕೆಗಳು ಅದರಲ್ಲೇ ಟೈಪಾಗಿವೆ. 2015ರಲ್ಲಿ ವಿಂಡೋಸ್ 10 ಬಂದಾಗ ಮೈಕ್ರೋಸಾಫ್ಟ್ ತುಂಗಾವನ್ನು ಎಲ್ಲರಿಗೂ ಸಿಗುವ ಸಾಮಾನಿನಿಂದ ತೆಗೆದು, ಬೇಕಾದವರು ಕೇಳಿ ಪಡೆಯುವ ಪಟ್ಟಿಗೆ ಸೇರಿಸಿತು. ‘ಆಪ್ಷನಲ್ ಫೀಚರ್ಸ್’ ಎಂಬಲ್ಲಿ ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಎಂದು ಅದು ಇದೆ. ತುಂಗಾ ಇಲ್ಲದ ಕಡೆ ಹಳೆಯ ಕಡತ ತೆರೆದರೆ ವಿಂಡೋಸ್ ಅದರ ಜಾಗಕ್ಕೆ ‘ನಿರ್ಮಲಾ’ ಎಂಬ ಬೇರೆ ಫಾಂಟನ್ನು ತಂದು ಕೂಡಿಸುತ್ತದೆ. ಇಬ್ಬರ ಮೈಕಟ್ಟು ಒಂದೇ ಅಲ್ಲ, ಅಕ್ಷರದ ಅಗಲ ಬದಲಾಗಿ ಸಾಲು ಮುರಿಯುತ್ತದೆ, ಪುಟ ಜಾರುತ್ತದೆ. ಬರೆದದ್ದರಲ್ಲಿ ಒಂದು ಒತ್ತಕ್ಷರವೂ ಕಳೆದಿರುವುದಿಲ್ಲ. ಆ ಪಟ್ಟಿಗೆ ಹೋಗಿ ತುಂಗಾವನ್ನು ಮರಳಿ ಕರೆದರೆ ಮುಹೂರ್ತ ಮತ್ತೆ ಒಂದೇ ಸಾಲಿಗೆ ಬರುತ್ತದೆ. ಇದು ಗೊತ್ತಿಲ್ಲದೆ ಇಡೀ ಕಾರ್ಡನ್ನು ಹೊಸದಾಗಿ ಟೈಪ್ ಮಾಡಲು ಕೂಡುವವರೂ ಉಂಟು. ಆ ಅವಸರದಲ್ಲಿ ಅತ್ತೆಯ ಹೆಸರು ತಪ್ಪುತ್ತದೆ, ಅದು ಬೇರೆಯದೇ ರಗಳೆ.

‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದವರ ಅನುಭವ ಇನ್ನೂ ಗಾಬರಿಯದು. ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಆ ಫಾಂಟುಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಪೀಠದ ಮೇಲೆ ಕೂತಿರುತ್ತವೆ. ಕಂಪ್ಯೂಟರಿನ ಪಾಲಿಗೆ ಅದು ಕನ್ನಡವೇ ಅಲ್ಲ. ಹೊಸ ವಿಂಡೋಸಿಗೆ ಹೋದಾಗ ಆ ಫಾಂಟು ಜೊತೆಗೆ ಬರದೆ ಉಳಿಯಿತೆಂದರೆ ವೇಷ ಕಳಚಿ, ಪುಟದ ತುಂಬ ಇಂಗ್ಲಿಷ್ ಅಕ್ಷರ, ಬಿಂದು, ಆವರಣಗಳು ಕಾಣುತ್ತವೆ. ಸಂಘದ ಹತ್ತು ವರ್ಷದ ನಡಾವಳಿ ಹಾಳಾಯಿತು ಎಂದು ಕಾರ್ಯದರ್ಶಿಗಳು ಹಣೆ ಗಟ್ಟಿಸಿಕೊಳ್ಳುತ್ತಾರೆ. ಫಾಂಟನ್ನು ಮತ್ತೆ ಹಾಕಿದರೆ ನಡಾವಳಿ ಇದ್ದಲ್ಲೇ ಇರುತ್ತದೆ. ಆ ಗಾಬರಿಯಲ್ಲಿ ಯಾರೋ ‘ಸೇವ್’ ಒತ್ತಿದರೂ ಬರಹಕ್ಕೆ ಏನೂ ಆಗುವುದಿಲ್ಲ, ‘ಡಿಲೀಟ್’ ಒತ್ತದಿದ್ದರೆ ಸಾಕು.

ಹಾಗೆಂದು ಅಪ್‌ಡೇಟನ್ನು ಯಾವಾಗಲೂ ನಿರ್ದೋಷಿ ಎನ್ನುವಂತಿಲ್ಲ. 2018ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ ಹೊಸ ಆವೃತ್ತಿ ಕೆಲವರ ಕಡತಗಳನ್ನೇ ಅಳಿಸಿತು, ಮೈಕ್ರೋಸಾಫ್ಟ್ ಅದರ ವಿತರಣೆಯನ್ನೇ ತಡೆಹಿಡಿಯಬೇಕಾಯಿತು. 2021ರ ಮಾರ್ಚಿನ ಅಪ್‌ಡೇಟ್ ಆದ ಮೇಲೆ ಕೆಲವು ಕಂಪನಿಗಳ ಪ್ರಿಂಟರಿಗೆ ‘ಪ್ರಿಂಟ್’ ಎಂದು ಹೇಳಿದ ಕೂಡಲೇ ಪರದೆ ನೀಲಿಯಾಗಿ ಯಂತ್ರ ನಿಂತುಬಿಡುತ್ತಿತ್ತು. ಇನ್ನು 2024ರ ಜುಲೈ 19 ಅನೇಕರಿಗೆ ನೆನಪಿರಬಹುದು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ಪುಟ್ಟ ಕಡತದಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿದವು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಕೆಲವು ಕಂಪನಿಗಳ ಸಿಬ್ಬಂದಿ ಕೈಯಿಂದಲೇ ಚೆಕ್-ಇನ್ ಮಾಡಬೇಕಾಯಿತು. ಕ್ರೌಡ್‌ಸ್ಟ್ರೈಕ್ 78 ನಿಮಿಷದಲ್ಲಿ ತಪ್ಪು ಕಡತವನ್ನು ಹಿಂದಕ್ಕೆ ಪಡೆಯಿತು. ಆದರೆ ಅಷ್ಟರಲ್ಲಿ ಕೆಟ್ಟು ಕೂತ ಯಂತ್ರಗಳಲ್ಲಿ ಬಹುಪಾಲನ್ನು ಯಾರಾದರೊಬ್ಬರು ಸೇಫ್ ಮೋಡಿನಲ್ಲಿ ತೆರೆದು, ಆ ಕಡತವನ್ನು ಹುಡುಕಿ ಅಳಿಸಿ, ಒಂದೊಂದಾಗಿಯೇ ಎಬ್ಬಿಸಬೇಕಾಯಿತು.

ಹಾಗಾದರೆ ಯಾವಾಗ ದೂರಬೇಕು, ಯಾವಾಗ ಬಿಡಬೇಕು? ರಿಪೇರಿಯಲ್ಲಿ ಪಳಗಿದವರು ಮೊದಲು ಮಾಡುವುದು ತಾರೀಖು ನೋಡುವುದು. ಅಪ್‌ಡೇಟ್ ಹಿಸ್ಟರಿ ತೆರೆದು ಯಾವುದು ಯಾವತ್ತು ಬಂತು, ತೊಂದರೆ ಯಾವತ್ತು ಶುರುವಾಯಿತು ಎಂದು ತಾಳೆ ಹಾಕುತ್ತಾರೆ. ತಾಳೆಯಾದರೂ ತೀರ್ಪು ಕೊಡುವುದಿಲ್ಲ. ಆ ಒಂದು ಅಪ್‌ಡೇಟನ್ನಷ್ಟೇ ಅನ್‌ಇನ್‌ಸ್ಟಾಲ್ ಮಾಡಿ, ಮತ್ತೆ ಶುರು ಮಾಡಿ, ನೋಡುತ್ತಾರೆ. ಪ್ರಿಂಟರಿನದೋ ಧ್ವನಿಯದೋ ತಕರಾರಾದರೆ ಅದರ ಡ್ರೈವರನ್ನಷ್ಟೇ ಹಿಂದಿನದಕ್ಕೆ ಮರಳಿಸುತ್ತಾರೆ. ವಿಂಡೋಸಿನ ಇಡೀ ಆವೃತ್ತಿಯೇ ಬದಲಾಗಿದ್ದರೆ ಹಿಂದಿನದಕ್ಕೆ ಮರಳಲು ಸಾಮಾನ್ಯವಾಗಿ 10 ದಿನದ ಅವಕಾಶವಿರುತ್ತದೆ, ಆಮೇಲೆ ಆ ದಾರಿ ಮುಚ್ಚುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಮಾಡಿದ್ದನ್ನು ಚೀಟಿಯಲ್ಲಿ ಬರೆದಿಡುವುದು. ನಾವು ಮನೆಯಲ್ಲಿ ಮಾಡುವುದು ಇದಕ್ಕೆ ಉಲ್ಟಾ. ಆಂಟಿವೈರಸ್ ತೆಗೆದು, ಕೇಬಲ್ ಬದಲಿಸಿ, ಕಂಡಕಂಡ ಗುಂಡಿ ಒತ್ತಿ, ಕೊನೆಗೆ ಸರಿಯಾದರೂ ಯಾವುದರಿಂದ ಸರಿಯಾಯಿತೆಂದು ತಿಳಿಯದೆ ಕೂಡುತ್ತೇವೆ. ಅಪ್‌ಡೇಟ್ ತೆಗೆದ ಮೇಲೂ ತೊಂದರೆ ಹಾಗೇ ಉಳಿಯಿತೆಂದರೆ ಬೇರೆ ಕಡೆ ನೋಡಬೇಕು. ಎಷ್ಟೋ ಸಲ ಹಳೆಯ ಹಾರ್ಡ್ ಡಿಸ್ಕ್ ಮೊದಲೇ ಸೋಲುತ್ತಾ ಬಂದಿರುತ್ತದೆ. ಬಹಳ ದಿನ ಆರಿಸದೇ ಇದ್ದ ಯಂತ್ರವನ್ನು ಅಪ್‌ಡೇಟ್ ರೀಸ್ಟಾರ್ಟ್ ಮಾಡಿಸಿದಾಗ ಅದು ಬಯಲಿಗೆ ಬರುತ್ತದೆ, ಅಷ್ಟೇ.

ಒಂದರ ಹಿಂದೆ ಇನ್ನೊಂದು ಬಂದದ್ದರಿಂದಲೇ ಮೊದಲಿನದು ಕಾರಣವೆಂದು ನಂಬುವ ಈ ಅಭ್ಯಾಸ ಕಂಪ್ಯೂಟರಿಗಿಂತ ಬಹಳ ಹಳೆಯದು. ನಮ್ಮ ಕಡೆ ಅದಕ್ಕೆ ಬಲಿಯಾದವಳು ಹೊಸದಾಗಿ ಬಂದ ಸೊಸೆ. ಅವಳು ಅಕ್ಕಿ ಸೇರು ಒದ್ದು ಒಳಗೆ ಬಂದ ವಾರವೇ ಮಿಕ್ಸರ್ ಸುಟ್ಟರೆ, ಮಾವನಿಗೆ ಜ್ವರ ಬಂದರೆ, ಅಂಗಡಿ ವ್ಯಾಪಾರ ಇಳಿದರೆ, ಅಡುಗೆಮನೆಯ ಕಡೆಯಿಂದ ‘ಕಾಲ್ಗುಣ’ ಎಂಬ ಪಿಸುಮಾತು ಹೊರಡುತ್ತದೆ. ಆ ಮಿಕ್ಸರಿನ ಕಾರ್ಬನ್ ಬ್ರಶ್ಶು ವರ್ಷದಿಂದ ಸವೆಯುತ್ತಿತ್ತು, ಕಿಡಿ ಹಾರುತ್ತಿತ್ತು, ಸುಟ್ಟ ವಾಸನೆಯೂ ಬರುತ್ತಿತ್ತು ಎಂಬುದು ಮನೆಯವರಿಗೆಲ್ಲ ಗೊತ್ತಿರುವ ಸಂಗತಿ. ಗೊತ್ತಿಲ್ಲದವಳು ಅವಳೊಬ್ಬಳೇ. ಕಾಕತಾಳೀಯವೆಂದು ಬಾಯಲ್ಲಿ ಹೇಳುವಷ್ಟು ಓದಿದವರ ಮನೆಗಳಲ್ಲೂ ಈ ಪಿಸುಮಾತು ನಿಂತಿಲ್ಲ. ಆಫೀಸಿಗೆ ಹೊಸದಾಗಿ ಸೇರಿದ ಗುಮಾಸ್ತ, ಅಂಗಡಿಗೆ ಬಂದ ಹೊಸ ಹುಡುಗ, ಎಲ್ಲರ ಪಾಡೂ ಇದೇ. ಅಪ್‌ಡೇಟಿಗೆ ತಾರೀಖು ನೋಡಿ, ತೆಗೆದು ನೋಡಿ, ಆಮೇಲೆ ದೂರುವ ದಾರಿ ಇದೆ. ಮನುಷ್ಯರ ವಿಷಯದಲ್ಲಿ ತೆಗೆದು ನೋಡುವುದು ಸಾಧ್ಯವಿಲ್ಲ, ಆದ್ದರಿಂದ ಹಳೆಯ ಬ್ರಶ್ಶನ್ನು ಬಿಚ್ಚಿ ನೋಡುವ ಶ್ರಮವನ್ನಾದರೂ ಮೊದಲು ಪಡಬೇಕು.

ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುವ ಮಗನಿಗೆ ಹುಬ್ಬಳ್ಳಿಯ ವಿದ್ಯಾನಗರದ ತಂದೆ ಫೋನು ಮಾಡಿ “ಕಂಪ್ಯೂಟರ್ ನಡೀವಲ್ದು” ಎಂದಾಗಲೂ ದೂರುವ ಮೊದಲು ನೋಡಬೇಕೆಂಬ ಇದೇ ಮಾತು ಅನ್ವಯಿಸುತ್ತದೆ. “ಏನು ಒತ್ತಿದ್ರಿ?” ಎಂದು ಮಗ ಕೇಳಿದನೆಂದರೆ ತಂದೆ ಕಟಕಟೆಯಲ್ಲಿ ನಿಂತಂತೆ. ಒತ್ತಿದ್ದನ್ನೂ ಒತ್ತಿಲ್ಲ ಎನ್ನುತ್ತಾರೆ, ಅರ್ಧ ವಿವರ ಅಲ್ಲೇ ಮುಚ್ಚಿಹೋಗುತ್ತದೆ. “ಪರದೆ ಮೇಲೆ ಏನು ಬಂದೈತಿ, ಓದ್ರಿ” ಎಂದರೆ ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಓದಿ ಹೇಳುತ್ತಾರೆ, ಕೆಲಸ ಬೇಗ ಮುಗಿಯುತ್ತದೆ.

ಬೇಸತ್ತು ಅಪ್‌ಡೇಟನ್ನೇ ಶಾಶ್ವತವಾಗಿ ನಿಲ್ಲಿಸುವವರಿಗೆ ಮಾತ್ರ ಒಂದು ಮಾತು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ವೈರಸ್ ಜಗತ್ತಿನ ತುಂಬ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತಲ್ಲ, ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ಕೊಟ್ಟಿತ್ತು. ಹಾಕಿಕೊಳ್ಳದವರೇ ಹೆಚ್ಚಾಗಿ ಸಿಕ್ಕಿಬಿದ್ದರು. ಕಾರ್ಡಿನ ಗಡಿಬಿಡಿಯಿದ್ದರೆ, ಪರೀಕ್ಷೆಯಿದ್ದರೆ, ಮಾರ್ಚ್ ಕೊನೆಯ ಲೆಕ್ಕವಿದ್ದರೆ ‘ಪಾಜ್’ ಎಂಬ ಗುಂಡಿ ಒತ್ತಿ ಅಪ್‌ಡೇಟನ್ನು ಕೆಲವು ವಾರ ಮುಂದಕ್ಕೆ ಹಾಕಬಹುದು. ಬಿಡುವಿನ ದಿನ ಮನೆಯ ಫೋಟೊ, ಲೆಕ್ಕಪತ್ರ, ಹಳೆಯ ಫಾಂಟುಗಳು ಎಲ್ಲವನ್ನೂ ಒಂದು ಪೆನ್ ಡ್ರೈವಿಗೆ ನಕಲು ಮಾಡಿಕೊಳ್ಳಿ. ಆಮೇಲೆ ಅಪ್‌ಡೇಟ್ ಹಾಕಿ. ಪೆನ್ ಡ್ರೈವನ್ನು ಕಂಪ್ಯೂಟರಿನಿಂದ ತೆಗೆದಿಡುವುದನ್ನು ಮರೆಯಬೇಡಿ.