ವಾದ್ಯದ ಮೇಲಿನ ಹೆಸರು

ವಾದ್ಯದ ಮೇಲೆ ಯಾರ ಹೆಸರಿರಬೇಕು? ಮಾಡಿದವನದೊ, ನುಡಿಸಿದವನದೊ? ಯಾವಗಲ್ಲಿನಂಥ ಊರಿನಲ್ಲಿ ಇಂಥ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ಎರೆಹೊಲ, ಕಡಲೆ, ಉಳ್ಳಾಗಡ್ಡಿಯ ಧಾರಣೆ, ಬೆಣ್ಣೆಹಳ್ಳ ತುಂಬಿ ಬಂದು ರೋಣ-ನರಗುಂದದ ದಾರಿ ಕಟ್ಟಿತೊ ಇಲ್ಲವೊ ಎಂಬ ಚಿಂತೆ—ನಮ್ಮ ಕಟ್ಟೆಯ ಹರಟೆಗೆ ಇಷ್ಟು ಸಾಕು. ಆದರೆ ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಬಂದ ನನ್ನ ಅಣ್ಣನ ಮಗ ಈ ಪ್ರಶ್ನೆಯನ್ನು ಕಟ್ಟಿಕೊಂಡೇ ಬಂದಿದ್ದ.

ಅವನಿಗೊಂದು ವಿದ್ಯುತ್ ಗಿಟಾರು ಬೇಕಾಗಿತ್ತು. ಬರಿಯ ಗಿಟಾರಲ್ಲ, ಹೆಸರಾಂತ ವಾದಕನೊಬ್ಬನ ಸಹಿಯನ್ನು ಮೈಮೇಲೆ ಹೊತ್ತ ಗಿಟಾರು. ಬೆಲೆ ಕೇಳಿದೆ. ನನ್ನ ನಾಲ್ಕು ತಿಂಗಳ ಪಿಂಚಣಿ! ಅರ್ಧವನ್ನು ತಾನು ಕೂಡಿಸಿದ್ದೇನೆ, ಉಳಿದರ್ಧ ಸಾಲವಾಗಿ ಕೊಡಬೇಕು ಎಂದ.

"ತಮ್ಮಾ, ಕಟಗಿಗೆ ರೊಕ್ಕಾ ಕೊಡು, ತಂತಿಗೆ ಕೊಡು. ಇನ್ನೊಬ್ಬರ ಹೆಸರಿಗೆ ಯಾಕ ಕೊಡ್ತಿ?" ಎಂದೆ. ಮೂವತ್ತು ವರುಷ ಶಾಲೆಯಲ್ಲಿ ಪಾಠ ಹೇಳಿದವನ ಬಾಯಿಗೆ ಉಪದೇಶ ಬೇಗ ಬರುತ್ತದೆ.

ಹುಡುಗ ಗೋಡೆಯ ಕಡೆ ನೋಡಿದ. "ಕಾಕಾ, ಆ ತಂಬೂರಿ ತರಾಕ ನೀವು ಮಿರಜಿಗೇ ಯಾಕ ಹೋಗಿದ್ರಿ? ಹುಬ್ಬಳ್ಳ್ಯಾಗ ಸಿಗತಿದ್ದಿಲ್ಲೇನು?"

ನಾನು ಸುಮ್ಮನಾದೆ. ಆ ಮೌನವನ್ನು ಬಿಡಿಸಿ ಹೇಳುವುದಕ್ಕೇ ಈ ಬರಹ.

ವಿದ್ಯುತ್ ಗಿಟಾರಿನ ಕಥೆಯನ್ನು ಹುಡುಗನೇ ನನಗೆ ತಿಳಿಸಿದ. ಅದರ ಒಡಲು ನಮ್ಮ ತಂಬೂರಿಯಂತೆ ಟೊಳ್ಳಾಗಿರಬೇಕಿಲ್ಲ. ಗಟ್ಟಿ ಮರವಾದರೂ ನಡೆದೀತು. ಉಕ್ಕಿನ ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ತಾಮ್ರದ ಎಳೆಯ ಸುರುಳಿ. ತಂತಿ ಮಿಡಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಧ್ವನಿವರ್ಧಕ ಅದನ್ನು ನಾದವಾಗಿಸುತ್ತದೆ. ಅಮೆರಿಕದ ಗಿಬ್ಸನ್ ಕಂಪನಿಯವರು ೧೯೫೨ರಲ್ಲಿ ಲೆಸ್ ಪಾಲ್ ಎಂಬ ವಾದಕನ ಹೆಸರಿನಲ್ಲಿ ಇಂಥದೊಂದು ಗಿಟಾರನ್ನು ಮಾರಾಟಕ್ಕಿಟ್ಟರು. ಲೆಸ್ ಪಾಲ್ ಸ್ವತಃ ಗಟ್ಟಿ ಮರದ ತುಂಡೊಂದಕ್ಕೆ ತಂತಿ ಬಿಗಿದು ಪ್ರಯೋಗ ಮಾಡಿದ್ದವನು. ಆದರೂ ಅವನ ಹೆಸರು ಹೊತ್ತ ಗಿಟಾರನ್ನು ರೂಪಿಸುವುದರಲ್ಲಿ ಕಾರಖಾನೆಯ ಕುಶಲಿಗಳ ಪಾಲು ದೊಡ್ಡದು. ಅವರ ಹೆಸರು ಎಷ್ಟು ಜನಕ್ಕೆ ಗೊತ್ತು?

ಇದಕ್ಕೆ ಎದುರಾದ ಕಥೆ ಲಿಯೊ ಫೆಂಡರನದು. ೧೯೫೪ರಲ್ಲಿ ಬಂದ ಸ್ಟ್ರಾಟೊಕಾಸ್ಟರ್ ಎಂಬ ಜಗತ್ಪ್ರಸಿದ್ಧ ಗಿಟಾರು ಅವನ ಕಾರಖಾನೆಯದು. ರೇಡಿಯೊ ದುರಸ್ತಿಯಿಂದ ಬದುಕು ಕಟ್ಟಿದ ಈತನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ! ಆದರೆ ನುಡಿಸುವವರ ಮಾತನ್ನು ಕೇಳಲು ಬರುತ್ತಿತ್ತು. ಹಿಂದಿನ ಮಾದರಿಯ ಅಂಚು ಪಕ್ಕೆಲುಬಿಗೆ ಒತ್ತುತ್ತದೆ ಎಂದು ವಾದಕರು ದೂರಿದರು. ಹೊಸ ಮಾದರಿಯಲ್ಲಿ ಆ ಅಂಚನ್ನು ಕೆತ್ತಿ ಇಳಿಸಲಾಯಿತು. ಇನ್ನೊಬ್ಬರ ಪಕ್ಕೆಲುಬಿನ ನೋವನ್ನು ತನ್ನ ಉಳಿಯ ತುದಿಯಲ್ಲಿ ಅರಿತುಕೊಳ್ಳುವುದು ಸಣ್ಣ ಗುಣವೆ?

ಮಿರಜಿನ ಕುಶಲಿಗಳೂ ಇದೇ ಕುಲದವರು. ಹತ್ತೊಂಬತ್ತನೆಯ ಶತಮಾನದಲ್ಲಿ ಕತ್ತಿ-ಗುರಾಣಿಗಳ ಕಾಲ ಮುಗಿಯುತ್ತ ಬಂದಾಗ, ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ತಂಬೂರಿ-ಸಿತಾರುಗಳ ಕೆಲಸಕ್ಕೆ ಕೈಹಾಕಿದರು. ಒಣಗಿದ ಸೋರೆಬುರುಡೆ, ಮರದ ಕೊರಳು, ಬಿರಡೆ, ಕುದುರೆ—ಇಷ್ಟರಿಂದ ಅವರು ನಾದವನ್ನು ತೆಗೆದರು. ೨೦೨೪ರಲ್ಲಿ ಮಿರಜಿನ ತಂಬೂರಿಗೂ ಸಿತಾರಿಗೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಮಾಡಿದ ಊರೇ ಅಲ್ಲಿ ಸಹಿ.

ಆ ಊರಿಗೆ ನಾನು ಹೋದದ್ದು ೧೯೭೮ರಲ್ಲಿ, ನೌಕರಿ ಸಿಕ್ಕ ಹೊಸದರಲ್ಲಿ. ಭೀಮಸೇನ ಜೋಶಿಯವರು ನಮ್ಮ ಸೀಮೆಯವರು ಎಂಬ ಅಭಿಮಾನ ತಲೆಗೇರಿತ್ತು. ಮಿರಜಿನ ತಂಬೂರಿ ಬಂದರೆ ಅದರ ಹಿಂದೆಯೇ ಗಾನವೂ ಬರುತ್ತದೆಂದು ನಂಬಿದ್ದೆ. ಅಂಗಡಿಯ ಮುದುಕ ನನ್ನನ್ನು ಕೂಡಿಸಿ ಚಹ ಕೊಟ್ಟು ಕೇಳಿದ: "ಹಾಡುವವರು ಯಾರು? ಅವರ ಸ್ವರ ಯಾವುದು?" ಗಂಡುಕೊರಳಿಗೆ ಬೇರೆ ಅಳತೆ, ಹೆಣ್ಣುಕೊರಳಿಗೆ ಬೇರೆ, ಹಾಡುವವನ ಷಡ್ಜ ತಿಳಿಯದೆ ತಂಬೂರಿಯ ಅಳತೆ ಗೊತ್ತಾಗದು. ಹಾಡುವವನು ನಾನೇ ಎಂದೆ. ನನ್ನ ಷಡ್ಜ ಯಾವುದೆಂದು ನನಗೆ ಗೊತ್ತಿರಲಿಲ್ಲ. ಮುದುಕ ನಗಲಿಲ್ಲ. "ಇರಲಿ, ನಡುತರದ್ದು ಮಾಡೋಣ" ಎಂದ.

ಆ ತಂಬೂರಿ ಮನೆಗೆ ಬಂತು, ಗವಸು ಹೊಲಿಸಿದೆ, ಗೋಡೆಗೆ ತೂಗುಹಾಕಿದೆ. ಬಂದವರು ನೋಡಿ "ಮಿರಜದ್ದೇನ್ರಿ?" ಎಂದರೆ ಹೌದೆನ್ನುವುದಕ್ಕೆ ಅದು ಉಪಯೋಗವಾಯಿತು. ಅದೇ ಕಾಲದಲ್ಲಿ ನಮ್ಮೂರ ಭಜನೆಯ ಮೇಳದಲ್ಲಿ ತಾನೇ ಸೋರೆಬುರುಡೆ ಒಣಗಿಸಿ ಏಕತಾರಿ ಮಾಡಿಕೊಂಡಿದ್ದ ಮುದುಕನೊಬ್ಬ ದಿನವೂ ಹಾಡುತ್ತಿದ್ದ. ಅವನ ಏಕತಾರಿಗೆ ಹೆಸರಿರಲಿಲ್ಲ. ಅದು ಗೋಡೆಯ ಮೇಲೂ ಇರಲಿಲ್ಲ.

ಹೆಸರು ಸುಳ್ಳೆಂದು ನಾನು ಹೇಳುತ್ತಿಲ್ಲ. ಮಾಡಿದವನ ಹೆಸರು ಒಂದು ಹೊಣೆ. ಬಿರಡೆ ಜಾರಿದರೆ, ಕುದುರೆ ಸವೆದರೆ ನನ್ನ ಬಳಿಗೆ ಬಾ ಎಂಬ ಮಾತು ಅದು. ನುಡಿಸಿದವನ ಹೆಸರು ಒಂದು ಸಾಕ್ಷಿ. ಇದು ನನ್ನ ಕೈಗೆ ಒಗ್ಗಿತು ಎಂದಷ್ಟೇ ಅದು ಹೇಳುತ್ತದೆ. ಅವನ ಕೈಗೆ ಒಗ್ಗಿದ್ದು ನಮ್ಮ ಕೈಯನ್ನು ಅವನ ಕೈಯಾಗಿ ಮಾಡೀತೆಂದು ಬಗೆಯುವುದು ಹೆಸರಿನ ತಪ್ಪಲ್ಲ, ನಮ್ಮದು.

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಇಲ್ಲಿ ನೆನೆಯಬೇಕು. ಪಂಚಾಕ್ಷರಿ ಗವಾಯಿಗಳು ಅಂಧರು. ಪುಟ್ಟರಾಜ ಗವಾಯಿಗಳೂ ಅಂಧರು. ಅಲ್ಲಿ ಕಲಿತು ಬದುಕು ಕಂಡ ಅಂಧ ಮಕ್ಕಳು ಅನೇಕರು. ಅಂಥ ಮಗುವಿನ ಕೈಗೆ ತಂಬೂರಿ ಕೊಟ್ಟರೆ, ಮೇಲೆ ಬರೆದ ಹೆಸರು ಅದಕ್ಕೆ ಕಾಣದು. ಶ್ರುತಿ ಕೂಡಿದೆಯೊ ಇಲ್ಲವೊ ಎಂಬುದೊಂದೇ ಅದರ ಪ್ರಶ್ನೆ. ಕಣ್ಣಿದ್ದ ನಾನು ಆ ಒಂದು ಪ್ರಶ್ನೆಯನ್ನು ಬಿಟ್ಟು ಉಳಿದೆಲ್ಲವನ್ನೂ ಕೇಳಿದ್ದೆ.

ಹಾಗಾದರೆ ಹುಡುಗನಿಗೆ ನಾನು ಏನು ಹೇಳಲಿ? ಮಿರಜಿನ ಮುದುಕನ ಪ್ರಶ್ನೆಯನ್ನೇ ಅವನ ಮುಂದಿಟ್ಟೆ: "ನುಡಿಸವರು ಯಾರು? ಅವರ ಕೈ ಎಂಥಾದ್ದು?"

ಹುಡುಗ ತಡವರಿಸಲಿಲ್ಲ. ತನ್ನ ಬೆರಳು ಗಿಡ್ಡ, ಕೊರಳು ತೆಳುವಿದ್ದರೆ ಮೆಟ್ಟಿಲುಗಳ ಮೇಲೆ ಕೈ ಹರಿಯುತ್ತದೆ; ತೂಕ ಹೆಚ್ಚಾದರೆ ಎಡಭುಜ ನೋಯುತ್ತದೆ; ತನಗೆ ಇಂಥ ದಪ್ಪದ ತಂತಿಯೇ ಬೇಕು, ಏಕೆಂದರೆ ತೆಳ್ಳಗಿನದನ್ನು ತಾನು ಜಗ್ಗಿ ಹರಿಯುತ್ತೇನೆ—ಎಲ್ಲವನ್ನೂ ಎಣಿಸಿ ಹೇಳಿದ. ಆರು ವರುಷದಿಂದ ಗೆಳೆಯನ ಹಳೆಯ ಗಿಟಾರಿನ ಮೇಲೆ ನುಡಿಸುತ್ತಿದ್ದಾನೆ! ಅವನ ಎಡಗೈ ಹಿಡಿದು ನೋಡಿದೆ. ನಾಲ್ಕೂ ಬೆರಳ ತುದಿ ಜಡ್ಡುಗಟ್ಟಿತ್ತು. ಅದಕ್ಕಿಂತ ನಿಜವಾದ ಸಹಿಯನ್ನು ಯಾವ ಕಾರಖಾನೆ ಹಾಕೀತು?

"ಮತ್ತ ಆ ಹೆಸರು ಯಾಕ?" ಎಂದು ಕೇಳಿದೆ.

"ಅವರನ್ನ ಕೇಳಿ ಕಲತೇನಿ ಕಾಕಾ. ಅವರಿಗೆ ನಾ ಯಾರಂತ ಗೊತ್ತಿಲ್ಲ. ನಮಸ್ಕಾರ ಮಾಡಾಕ ಬ್ಯಾರೆ ದಾರಿ ಇಲ್ಲ."

ಈ ಉತ್ತರ ನನ್ನ ತರ್ಕದಲ್ಲಿ ಇರಲಿಲ್ಲ. ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆಯನ್ನು ಕೇಳಿ ಮನಸೋತ ಹುಡುಗನೇ ಗುರುವನ್ನರಸಿ ೧೯೩೩ರಲ್ಲಿ ಮನೆ ಬಿಟ್ಟು, ಮುಂದೆ ಕುಂದಗೋಳದ ಸವಾಯಿ ಗಂಧರ್ವರ ಬಳಿ ಕಲಿತು ಭೀಮಸೇನರಾದದ್ದು. ಹೆಸರಿಗೆ ಮನಸೋಲುವುದು ದೋಷವಲ್ಲ. ಅಲ್ಲಿಯೇ ನಿಂತುಬಿಡುವುದು ದೋಷ.

ಹಣ ಕೊಟ್ಟೆ. ಸಹಿಯಿಲ್ಲದ ಗಿಟಾರು ಕೈಗೆ ಹೆಚ್ಚು ಒಗ್ಗಿದರೆ ಅದನ್ನೇ ತರಬೇಕೆಂದು ಹೇಳಿದೆ, ಒಪ್ಪಿದ. ಕೊರಳಪಟ್ಟಿ, ಪೆಟ್ಟಿಗೆ, ನಾದ ತಿದ್ದುವ ಕಾಲ್ಮಣೆಗಳು ಎಂದು ಉಪಕರಣಗಳ ಪಟ್ಟಿ ಉದ್ದವಿತ್ತು; ನಕ್ಕೆ. ಲಂಡನ್ನಿನ ಬ್ರಯಾನ್ ಮೇ ಎಂಬ ಹುಡುಗ ೧೯೬೩ರಲ್ಲಿ ತಂದೆಯೊಡನೆ ಕೂಡಿ, ಹಳೆಯ ಅಗ್ಗಿಷ್ಟಿಕೆಯ ಮರದಿಂದ ಗಿಟಾರು ಕಟ್ಟತೊಡಗಿದನಂತೆ. ಜಗತ್ತೆಲ್ಲ ಹೆಸರಾದ ಮೇಲೂ ಆರು ಪೆನ್ನಿಯ ನಾಣ್ಯದಿಂದಲೇ ತಂತಿ ಮೀಟುತ್ತಾನಂತೆ. ಇದನ್ನು ಹೇಳಿದವನೂ ಆ ಹುಡುಗನೇ. ನಮ್ಮ ತಂಬೂರಿಗಾದರೂ ಬೇಕಾದ ದೊಡ್ಡ ಉಪಕರಣ ಯಾವುದು? ಕುದುರೆಯ ಮೇಲೆ ತಂತಿಯ ಕೆಳಗೆ ಸೇರಿಸುವ ಗೇಣುದ್ದದ ದಾರ. ಅದಕ್ಕೆ ಹಿರಿಯರು ಜೀವಾಳಿ ಎಂದು ಹೆಸರಿಟ್ಟರು. ಅದಿಲ್ಲದಿದ್ದರೆ ತಂತಿಗೆ ಸದ್ದುಂಟು, ಜೀವವಿಲ್ಲ.

ಆ ರಾತ್ರಿ ಗವಸು ಬಿಚ್ಚಿದೆವು. ಬುರುಡೆಯ ಬೆಸುಗೆ ಬಿಟ್ಟಿದೆ, ಎರಡು ತಂತಿ ತುಕ್ಕು ಹಿಡಿದಿವೆ. ಸಂಕ್ರಾಂತಿ ಕಳೆದ ಮೇಲೆ ಇಬ್ಬರೂ ಮಿರಜಿಗೆ ಹೋಗುವುದೆಂದು ಗೊತ್ತುಮಾಡಿದ್ದೇವೆ. ಆ ಮುದುಕ ಇರಲಾರ. ಅವನ ಪ್ರಶ್ನೆ ಇದ್ದೇ ಇರುತ್ತದೆ. ಅದಕ್ಕಾಗಿ ದಿನವೂ ನಸುಕಿನಲ್ಲಿ ಎದ್ದು, ಬಾಗಿಲು ಹಾಕಿಕೊಂಡು, ನನ್ನ ಷಡ್ಜವನ್ನು ಹುಡುಕುತ್ತಿದ್ದೇನೆ.