ವೇದಿಕೆಯ ಮಾತಿಗೆ ಹೊಣೆ ಯಾರು?

ಯಾವಗಲ್ಲಿನ ಯುವಕನೊಬ್ಬ ಉಳ್ಳಾಗಡ್ಡಿ ಕೊಳೆಯುವ ಮುನ್ನವೇ ಎಚ್ಚರಿಸುವ ಯಂತ್ರವನ್ನು ರೂಪಿಸಿದ್ದಾನೆಂದು ಊಹಿಸಿಕೊಳ್ಳಿ. ರಾಜ್ಯ ಸರ್ಕಾರ 2017ರಲ್ಲಿ ಆರಂಭಿಸಿದ ‘ಎಲಿವೇಟ್’ ಸ್ಪರ್ಧೆಯಲ್ಲಿ ಗೆದ್ದರೆ 50 ಲಕ್ಷ ರೂಪಾಯಿಗಳವರೆಗೆ ಸಹಾಯಧನ ದೊರೆಯಬಹುದು. ತೀರ್ಪುಗಾರರ ಮುಂದೆ ಸಿಗುವುದು ಕೆಲವೇ ನಿಮಿಷ. ಅದಕ್ಕಾಗಿ ತಾಲೀಮು: ಸಮಸ್ಯೆ ಯಾವುದು, ಕೊಳ್ಳುವವರು ಯಾರು, ವೆಚ್ಚವೆಷ್ಟು? ಈ ಸಿದ್ಧತೆ ಒಳ್ಳೆಯದೇ.

ತೊಡಕಿರುವುದು ಒಂದು ವಾಕ್ಯದಲ್ಲಿ. ಯಂತ್ರವನ್ನು ಪರೀಕ್ಷಿಸಿದ್ದು ಮೂವರು ರೈತರ ಉಗ್ರಾಣಗಳಲ್ಲಿ, ಅದೂ ಒಂದೇ ಹಂಗಾಮು. ‘ಈ ಭಾಗದ ರೈತರು ಬಳಸುತ್ತಿದ್ದಾರೆ’ ಎಂದರೆ ಸುಳ್ಳೇ? ಅಕ್ಷರಶಃ ಅಲ್ಲ. ಆದರೆ ಕೇಳುವವರ ಮನಸ್ಸಿನಲ್ಲಿ ಮೂಡುವ ಚಿತ್ರ ಸುಳ್ಳು. ಅದು ಮೂಡಲೆಂದೇ ವಾಕ್ಯವನ್ನು ಹೆಣೆಯಲಾಗಿದೆ. ಯೌವನದ ಉತ್ಸಾಹವೆಂದು ಬಿಟ್ಟುಬಿಡಲು ನನಗಂತೂ ಮನಸ್ಸಿಲ್ಲ. ತೀರ್ಪುಗಾರರು ಮರುಳಾದರೆ ಪೋಲಾಗುವುದು ಸಾರ್ವಜನಿಕ ಹಣ. ಅದಕ್ಕಿಂತಲೂ, ಮುಂಗಾರಿನ ಗಡ್ಡೆ ಹೆಚ್ಚು ಕಾಲ ತಾಳದು; ಯಂತ್ರವನ್ನು ನಂಬಿ ಮಾರಾಟ ಮುಂದೂಡಿದ ರೈತನಿಗೆ ಆ ಸಭೆಯಲ್ಲಿ ಕುರ್ಚಿಯೇ ಇರುವುದಿಲ್ಲ.

ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. 1904ರ ಕಾಯ್ದೆಯು ಗ್ರಾಮೀಣ ಸಂಘಗಳಿಗೆ ಸಾಮಾನ್ಯವಾಗಿ ಅಪರಿಮಿತ ಹೊಣೆಯನ್ನು ವಿಧಿಸಿತ್ತು. ಸಂಘ ಮುಳುಗಿದರೆ ಸದಸ್ಯರ ಸ್ವಂತ ಆಸ್ತಿಗೂ ಕುತ್ತು. ಉತ್ಪ್ರೇಕ್ಷೆಯ ಬೆಲೆ ಆಡಿದವನ ಮನೆಗೂ ತಟ್ಟುತ್ತಿತ್ತು. ಇಂದಿನ ಖಾಸಗಿ ಕಂಪನಿಯಲ್ಲಿ ಹೊಣೆ ಸಾಮಾನ್ಯವಾಗಿ ಪರಿಮಿತ. ಹಾಗಿಲ್ಲದಿದ್ದರೆ ಬಡವರ ಮಕ್ಕಳು ಉದ್ಯಮಕ್ಕೆ ಇಳಿಯುತ್ತಲೇ ಇರಲಿಲ್ಲವೇನೋ.

ತಮ್ಮ ಮಗನೋ ಮಗಳೋ ಮನೆಯಲ್ಲಿ ಇಂಥ ತಾಲೀಮು ನಡೆಸುತ್ತಿದ್ದರೆ, ಆ ಮೂವರು ರೈತರನ್ನು ಎದುರಿಗೆ ಕೂರಿಸಿಕೊಂಡು ಅದೇ ವಾಕ್ಯವನ್ನು ಹೇಳಬಲ್ಲೆಯಾ ಎಂದು ಕೇಳಿ ನೋಡಿ.