ಕೈಗಡಿಯಾರದ ಅನುಮಾನ ಪ್ರಮಾಣ

ಯಥಾರ್ಥ ಜ್ಞಾನದ ಸಾಧನವನ್ನು ಪ್ರಮಾಣವೆಂದು ಕರೆಯುವ ನ್ಯಾಯದರ್ಶನವು, ಹೊಗೆಯಿಂದ ಬೆಂಕಿಯನ್ನು ತಿಳಿಯುವಂತಹ ಅನುಮಾನಕ್ಕೆ ವ್ಯಾಪ್ತಿಯೇ, ಎಂದರೆ ಹೇತು (ಇಲ್ಲಿ ಹೊಗೆ) ಮತ್ತು ಸಾಧ್ಯ (ಇಲ್ಲಿ ಬೆಂಕಿ) ಇವುಗಳ ತಪ್ಪದ ಸಹಚಾರವೇ, ಆಧಾರವೆನ್ನುತ್ತದೆ. ರಕ್ತದೊತ್ತಡ ತೋರಿಸುವ ಕೈಗಡಿಯಾರಗಳಲ್ಲಿ ಬಹುಪಾಲು ಚರ್ಮದೊಳಕ್ಕೆ ಬೆಳಕು ಹಾಯಿಸಿ, ನಾಡಿಯ ಅಲೆಯನ್ನು ಗ್ರಹಿಸಿ, ಅದರಿಂದ ಒತ್ತಡವನ್ನು ಊಹಿಸುತ್ತವೆ; ಇದೂ ಒಂದು ಅನುಮಾನವೇ. ಚಳಿ, ಚಲನೆ, ಕೈಯ ಎತ್ತರಗಳಿಂದಲೂ ಆ ಅಲೆ ಬದಲಾಗುವುದರಿಂದ ಇಲ್ಲಿ ವ್ಯಾಪ್ತಿಯೇ ಸಡಿಲ. ತೋಳುಪಟ್ಟಿಯ ಯಂತ್ರದಲ್ಲಿಯೂ ಲೆಕ್ಕಾಚಾರ ಉಂಟು, ನಿಜ. ಆದರೆ ಅದು ಧಮನಿಯನ್ನೇ ಒತ್ತಿ ನೋಡುತ್ತದೆ, ಮತ್ತು ಅದರ ಸರಾಸರಿ ದೋಷ ಪಾದರಸದ 5 ಮಿಲಿಮೀಟರನ್ನು ಮೀರಬಾರದೆಂದು ಅಂತರರಾಷ್ಟ್ರೀಯ ಮಾನದಂಡ ವಿಧಿಸುತ್ತದೆ. ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯ ರೈತನೊಬ್ಬನು ಮಣಿಕಟ್ಟಿನ ಅಂಕಿಯನ್ನಷ್ಟೇ ನಂಬಿ ಮಾತ್ರೆ ನಿಲ್ಲಿಸಿದರೆ, ಸಂಶಯವನ್ನು ನಿಶ್ಚಯವೆಂದು ಬಗೆದಂತಾಗುತ್ತದೆ. ಮಾತ್ರೆಯ ನಿರ್ಧಾರವು ತೋಳುಪಟ್ಟಿಯ ಅಳತೆಯನ್ನೂ ವೈದ್ಯರ ಮಾತನ್ನೂ ಅವಲಂಬಿಸಲಿ.